ಜಯಮ್ಮನ ಹುಳುಮನೆ ಮತ್ತು ನನ್ನ ಭಾನುವಾರದ ಬೀರು

ರಾಮನಗರದಲ್ಲಿ ರೈಲು ಇಳಿದ ಮೊದಲ ಬೆಳಿಗ್ಗೆಯೇ ಒಂದು ಕೆಟ್ಟ ವಾಸನೆ ಮೂಗಿಗೆ ಹೊಡೆಯಿತು. ಎಲ್ಲೋ ಹತ್ತಿರದಲ್ಲಿ ದನ ಸತ್ತು ಕೊಳೆಯುತ್ತಿರಬೇಕು ಎಂದುಕೊಂಡು ಕರವಸ್ತ್ರ ಮೂಗಿಗೆ ಒತ್ತಿ ಹಿಡಿದೆ. ಪ್ಲಾಟ್‌ಫಾರ್ಮಿನ ಚಹಾ ಅಂಗಡಿಯವನು ಅದೇ ಗಾಳಿಯಲ್ಲಿ ನಿಂತು ಬನ್ನನ್ನು ಚಹಾಕ್ಕೆ ಅದ್ದಿ ತಿನ್ನುತ್ತಿದ್ದ. ಇದೇನಪ್ಪ ವಾಸನೆ ಎಂದು ಕೇಳಿದೆ. ಯಾವ ವಾಸನೆ ಎಂದು ಅವನು ನನ್ನನ್ನೇ ತಿರುಗಿ ಕೇಳಿದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ದಾರಿಯಲ್ಲಿ ಸಿಕ್ಕ ಇನ್ನಿಬ್ಬರೂ ಅದನ್ನೇ ಕೇಳಿದಾಗ ತಮಾಷೆಯಲ್ಲ ಎಂದು ಗೊತ್ತಾಯಿತು.

ಕಾರವಾರದ ನನ್ನ ಜನರಿಗೆ ಈ ವಾಸನೆಯನ್ನು ಹೇಗೆ ವಿವರಿಸಲಿ? ನಮ್ಮ ಕಡೆ ಬಂದ ಘಟ್ಟದ ಮೇಲಿನವರು ಒಣಮೀನಿನ ವಾಸನೆಗೆ ಮುಖ ಕಿವುಚುತ್ತಾರೆ. ನಾವು ಒಳಗೊಳಗೇ ನಗುತ್ತೇವೆ. ಒಣಮೀನಿಗೆ ಬಿಸಿಲು, ಉಪ್ಪು, ಗಾಳಿ ತಾಗಿರುತ್ತದೆ. ಇಲ್ಲಿಯದು ಬೆಂದ ವಾಸನೆ, ಜಿಡ್ಡು ವಾಸನೆ. ರೇಷ್ಮೆಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗಿನ ಹುಳು ಉಳಿಯುತ್ತದೆ. ಅದನ್ನು ರಾಶಿ ಹಾಕಿ ಅಂಗಳದಲ್ಲಿ ಒಣಗಿಸುತ್ತಾರೆ, ಎಣ್ಣೆಗೆ, ಕೋಳಿಯ ಮೇವಿಗೆ ಕೊಡುತ್ತಾರೆ. ಕೆಲವು ಬೀದಿಗಳಲ್ಲಿ ಮನೆಗೊಂದು ನೂಲು ಬಿಚ್ಚುವ ಯಂತ್ರ, ಯಂತ್ರಕ್ಕೊಂದು ರಾಶಿ. ಚರಂಡಿಯ ನೀರು ಕೂಡ ಗಂಜಿಯ ಹಾಗೆ ಮಂದವಾಗಿ ಹರಿಯುತ್ತಿತ್ತು.

ನಾನು ಬಂದದ್ದು ಆ ಯಂತ್ರಗಳಿಗಾಗಿಯೇ. ನಾನು ಫಿಟ್ಟರು. ಬಂದರಿನಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವನು, ಪರಿಚಯದವರೊಬ್ಬರ ಮಾತು ಕೇಳಿ ಇಲ್ಲಿನ ಒಂದು ನೂಲು ಕಾರ್ಖಾನೆಗೆ ಬಂದೆ. ಆಗ ಈ ಸೀಮೆಯಲ್ಲಿ ರೇಷ್ಮೆಯ ಸುಗ್ಗಿ. ರಾಗಿ ಬೆಳೆಯುತ್ತಿದ್ದವರೆಲ್ಲ ಹಿಪ್ಪುನೇರಳೆ ನೆಡುತ್ತಿದ್ದರು. ಮಾಗಡಿ, ಕನಕಪುರ, ಚನ್ನಪಟ್ಟಣ ಮೂರೂ ಕಡೆಯ ಬಸ್ಸುಗಳ ತಲೆಯ ಮೇಲೆ ಗೂಡಿನ ಮೂಟೆಗಳು ಕೂತು ರಾಮನಗರದ ಮಾರುಕಟ್ಟೆಗೆ ಬರುತ್ತಿದ್ದವು. ಕೆಲಸಕ್ಕೆ ಬರವಿರಲಿಲ್ಲ. ಹೆಂಡತಿ, ಮಗಳು ಕಾರವಾರದಲ್ಲೇ ಉಳಿದರು. ಒಂದು ವರ್ಷ ನೋಡೋಣ, ಆಮೇಲೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಬಂದಿದ್ದೆ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಇಲ್ಲಿಯ ಕನ್ನಡಕ್ಕೆ ಕಿವಿ ಹೊಂದಲು ಒಂದು ತಿಂಗಳು ಬೇಕಾಯಿತು. 'ಒಸಿ' ಎಂದರೆ ಸ್ವಲ್ಪ. ಒಸಿ ತಡೀರಿ ಎಂದವನು ಅರ್ಧ ದಿನ ಬರುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತೆ. ಮೊದಲ ಸಲ ಅಗಿದಾಗ ಹೋಟೆಲಿನ ಪಕ್ಕದ ಮೇಜಿನವರು ಊಟ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮೀನಿನ ವಿಷಯ ಕೇಳಬೇಡಿ. ಇಲ್ಲಿ ಸಿಗುವ ಕೆರೆಮೀನಿನಲ್ಲಿ ಕೆಸರಿನ ರುಚಿಯೇ ಮೊದಲು ಬರುತ್ತದೆ.

ಈಗ ಬೀರಿನ ವಿಷಯಕ್ಕೆ ಬರುತ್ತೇನೆ. ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ. ನನಗೆ ಬೀರು ಇಷ್ಟ. ಗೋವೆಯ ಗಡಿಯಲ್ಲಿ ಹುಟ್ಟಿ ಬೆಳೆದವನಿಗೆ ಅದೊಂದು ದೊಡ್ಡ ಪಾಪವಾಗಿ ಎಂದೂ ಕಂಡಿರಲಿಲ್ಲ. ಸಂಜೆ ಕಡಲ ಕಡೆಗೆ ಮುಖ ಮಾಡಿ ಕೂತು, ಹುರಿದ ಬಂಗಡೆ ಮುರಿಯುತ್ತ, ಒಂದು ಬಾಟಲಿಯನ್ನು ಎರಡು ಗಂಟೆ ಎಳೆಯುತ್ತ ಮಾತಾಡುವುದು ನಮ್ಮ ಕ್ರಮ. ಒಂದು ಬಾಟಲಿ ಎಂದು ಬರೆದೆ. ನನ್ನ ಹೆಂಡತಿ ಇದನ್ನು ಓದುತ್ತಾಳಾದ್ದರಿಂದ ತಿದ್ದುತ್ತೇನೆ, ಮೂರು ಬಾಟಲಿ. ವಾರದ ಏಳೂ ದಿನ.

ರಾಮನಗರದ ಬಾರುಗಳನ್ನು ಕಂಡು ನನಗೆ ಹೇಸಿಗೆಯಾಯಿತು. ಬಾಗಿಲಿಗೆ ಜಿಡ್ಡುಗಟ್ಟಿದ ಪರದೆ, ಒಳಗೆ ಹಸಿರು ಬಲ್ಬು, ಎದುರಿಗೆ ಕೂತವನ ಮುಖ ಕಾಣದಷ್ಟು ಕತ್ತಲೆ. ನೆಲದ ಮೇಲೆ ನಿಂಬೆ ಸಿಪ್ಪೆ, ಕೋಳಿ ಮೂಳೆ, ಚೆಲ್ಲಿದ ಸಾರು. ಚಪ್ಪಲಿ ನೆಲಕ್ಕೆ ಅಂಟಿ ಪಚಕ್ಕೆಂದು ಬಿಡಿಸಿಕೊಂಡು ಬರುತ್ತಿತ್ತು. ಗೂಡು ಮಾರಿ ಬಂದವರು ತಲೆ ತಗ್ಗಿಸಿ ಗಟಗಟನೆ ಕುಡಿಯುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಬೀರು ಬರೀ ನೀರು ಎಂದು ಅದಕ್ಕೆ ಸಾರಾಯಿ ಪ್ಯಾಕೆಟ್ಟು ಕತ್ತರಿಸಿ ಸುರಿಯುವುದನ್ನು ನೋಡಿದೆ. ಕೈ ತೊಳೆಯುವ ತೊಟ್ಟಿಯಲ್ಲಿ ಯಾರೋ ವಾಂತಿ ಮಾಡಿಹೋಗಿದ್ದರು. ಅದರ ಮೇಲೇ ಇನ್ನೊಬ್ಬ ಕೈ ತೊಳೆದು ಬಂದು ಆಮ್ಲೆಟ್ಟು ಮುರಿದ. ಇಷ್ಟೆಲ್ಲ ಹೇಸಿದರೂ ನಾನು ದಿನವೂ ಹೋಗುತ್ತಿದ್ದೆ ಎಂಬುದನ್ನೂ ಬರೆಯಬೇಕು. ಮನೆಯಲ್ಲಿ ಯಾರೂ ಇಲ್ಲದವನಿಗೆ ಸಂಜೆ ಆರರ ಮೇಲೆ ಮಾಡಲು ಏನೂ ಇರಲಿಲ್ಲ.

ಎಂಟು ತಿಂಗಳಿಗೆ ಕಾಲು ಊದಿತು. ಬೂಟು ಹಿಡಿಸದಾಯಿತು. ಬಸ್ ನಿಲ್ದಾಣದ ಹತ್ತಿರದ ವಯಸ್ಸಾದ ಡಾಕ್ಟರು ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳಿನಿಂದ ಒತ್ತಿ ನೋಡಿ, ಯಕೃತ್ತು ದಪ್ಪವಾಗಿದೆ, ಪೂರ್ತಿ ಬಿಡಿ ಎಂದರು. ನಾನು ಮೀನು ಮಾರುಕಟ್ಟೆಯಲ್ಲಿ ಮಾಡುವ ಹಾಗೆ ಅವರೊಂದಿಗೆ ಚೌಕಾಸಿಗೆ ಇಳಿದೆ. ದಿನಕ್ಕೆ ಒಂದು ಎಂದೆ. ಆಗದು ಎಂದು ತಲೆಯಾಡಿಸಿದರು. ವಾರಕ್ಕೆ ಎರಡು ಗ್ಲಾಸು ಎಂದೆ. ನಿಮ್ಮ ಹೊಟ್ಟೆ, ನಿಮ್ಮ ಆಯಸ್ಸು, ನಾನು ಬಿಡಿ ಎಂದೇ ಬರೆಯುತ್ತೇನೆ ಎಂದು ಚೀಟಿ ಬರೆದು ಕೊಟ್ಟರು.

ಆಗ ನಾನೊಂದು ಉಪಾಯ ಮಾಡಿದೆ. ರಾಮನಗರದಲ್ಲಿ ಕುಡಿಯುವುದೇ ಇಲ್ಲ, ಭಾನುವಾರ ಮಧ್ಯಾಹ್ನ ಬೆಂಗಳೂರಿಗೆ ರೈಲು ಹತ್ತಿ ಹೋಗಿ ಪಬ್ಬಿನಲ್ಲಿ ಎರಡೇ ಮಗ್ಗು ಕುಡಿದು ಸಂಜೆಯೊಳಗೆ ವಾಪಸು. ಪಬ್ಬು ಎಂದರೆ ಆಗಷ್ಟೇ ಬೆಂಗಳೂರಿನಲ್ಲಿ ಶುರುವಾಗಿದ್ದ ಹೊಸ ಬಗೆಯ ಅಂಗಡಿ. ಬಾಟಲಿ ಇಲ್ಲ, ಪೀಪಾಯಿಗೆ ಜೋಡಿಸಿದ ನಲ್ಲಿಯಿಂದ ಹಿಡಿಯುಳ್ಳ ದಪ್ಪ ಗಾಜಿನ ಮಗ್ಗಿಗೆ ಬೀರು ಹಿಡಿದು ಕೊಡುತ್ತಾರೆ. ಮರದ ಬೆಂಚು, ಬೆಳಕು ಬರುವ ಕಿಟಕಿ, ಬಟ್ಟಲಲ್ಲಿ ಹುರಿದ ಕಡಲೆಬೀಜ. ಮೊದಲ ಗುಟುಕಿಗೆ ನನಗೆ ಊರು ನೆನಪಾಯಿತು. ಬಾಟಲಿ ಬೀರಿನ ಕಹಿ ಇರಲಿಲ್ಲ, ತಣ್ಣಗೆ, ಹಗುರವಾಗಿ ಇಳಿಯಿತು. ವಾರಕ್ಕೊಮ್ಮೆಯೇ ಸಿಗುವುದರಿಂದ ಅದರ ರುಚಿ ನನಗೆ ಮೊದಲ ಸಲ ಗೊತ್ತಾಯಿತು ಎನ್ನಬಹುದು. ದಿನಾ ಮೂರು ಬಾಟಲಿ ಕುಡಿಯುವಾಗ ನಾನು ರುಚಿ ನೋಡಿಯೇ ಇರಲಿಲ್ಲ.

ಅಲ್ಲಿಯೂ ಒಂದು ಅವಮಾನ ಕಾದಿತ್ತು. ಎರಡನೆಯದೋ ಮೂರನೆಯದೋ ಭಾನುವಾರ, ಪಕ್ಕದ ಬೆಂಚಿನಲ್ಲಿದ್ದ ಕಾಲೇಜು ಹುಡುಗಿ ಮೂಗು ಮುಚ್ಚಿಕೊಂಡು ಗೆಳೆಯರಿಗೆ ಏನೋ ಹೇಳಿದಳು. ಎಲ್ಲರೂ ಮಗ್ಗು ಎತ್ತಿಕೊಂಡು ದೂರದ ಮೇಜಿಗೆ ಹೋದರು. ಬೀರು ತಂದುಕೊಡುವವನು ಬಂದು, ಸಾರ್ ನೀವು ಮೂಲೆಯಲ್ಲಿ ಕೂತರೆ ಅನುಕೂಲ ಎಂದ. ನಾನು ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದೆ. ತೋಳು ಮೂಸಿ ನೋಡಿಕೊಂಡೆ, ನನಗೆ ಏನೂ ಬರಲಿಲ್ಲ. ರೈಲ್ವೆ ಪ್ಲಾಟ್‌ಫಾರ್ಮಿನ ಚಹಾದವನ ಜಾತಿಗೆ ನಾನೂ ಸೇರಿದ್ದೆ. ಮೂಲೆಯಲ್ಲಿ ಕೂತು ಎರಡು ಮಗ್ಗು ಮುಗಿಸಿಯೇ ಎದ್ದೆ. ನಾಚಿಕೆಗೆಟ್ಟವನು ಎಂದುಕೊಳ್ಳುವವರು ಎಂದುಕೊಳ್ಳಿ.

ಆ ವಾಸನೆಯಿಂದ ಬಿಡಿಸಿಕೊಳ್ಳಲೆಂದೇ ನಾನು ಪಟ್ಟಣದ ಬಾಡಿಗೆ ಕೋಣೆ ಬಿಟ್ಟು ಮಾಗಡಿ ರಸ್ತೆಯ ಒಂದು ಹಳ್ಳಿಯಲ್ಲಿ ಜಯಮ್ಮನವರ ಮನೆಗೆ ಬಂದದ್ದು. ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಕೆಂಪಯ್ಯ ತೋಟ ಮತ್ತು ಮಾರುಕಟ್ಟೆ ನೋಡಿಕೊಂಡರೆ ಹುಳು ನೋಡಿಕೊಳ್ಳುವುದು ಜಯಮ್ಮ ಮತ್ತು ಸೊಸೆ ಸಾವಿತ್ರಿ. ಮಗ ಕನಕಪುರದ ಕಡೆ ಕಲ್ಲುಗಣಿಯಲ್ಲಿ ಕೆಲಸಕ್ಕಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ಉದ್ದನೆಯ ಹೆಂಚಿನ ಮನೆ. ಅದರ ಅರ್ಧ ಭಾಗ ಹುಳುಮನೆ, ಕೊನೆಯ ಕೋಣೆ ನನಗೆ. ನಡುವಿನ ಗೋಡೆ ಆಳೆತ್ತರಕ್ಕೆ ನಿಂತಿತ್ತು, ಮಾಡಿನವರೆಗೆ ಹೋಗಿರಲಿಲ್ಲ. ಮಲಗಿದರೆ ಆ ಕಡೆ ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು, ಸಣ್ಣ ಮಳೆ ಬಿದ್ದ ಹಾಗೆ.

ಕಾರ್ಖಾನೆಯಲ್ಲಿ ನನಗೆ ಗೊತ್ತಿದ್ದದ್ದು ಬೆಂದ ಹುಳು. ಬದುಕಿರುವ ಹುಳುವಿನ ಮಡಿ ಎಂಥದ್ದು ಎಂದು ಕಲಿತದ್ದು ಈ ಮನೆಯಲ್ಲಿ. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ಇಲ್ಲಿಯವರು 'ಜ್ವರ' ಎನ್ನುತ್ತಾರೆ. ಜ್ವರಕ್ಕೆ ಹೋದಾಗ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಒಳಗೆ ಹೋಗುವವರು ಕೈಕಾಲು ತೊಳೆಯಬೇಕು. ಬೀಡಿ ಸೇದಿ ಹೋಗುವಂತಿಲ್ಲ, ಹೂ ಮುಡಿದು, ಎಣ್ಣೆ ಪೂಸಿ ಹೋಗುವಂತಿಲ್ಲ. ಕುಡಿದವರಂತೂ ಆ ಕಡೆ ತಲೆ ಹಾಕಬಾರದು. ಗೂಡು ಮಾರಿದ ಖುಷಿಗೆ ಒಸಿ ಹಾಕಿಕೊಂಡು ಬಂದ ಕೆಂಪಯ್ಯನನ್ನು ಜಯಮ್ಮ ಬಾಗಿಲಲ್ಲೇ ಮೂಸಿ ನೋಡಿ ಜಗುಲಿಯಲ್ಲೇ ಊಟಕ್ಕೆ ಕೂರಿಸಿದ್ದನ್ನು ಕಂಡಿದ್ದೇನೆ. ಆತ ತುಟಿ ಪಿಟಕ್ಕೆನ್ನಲಿಲ್ಲ. ಮುಟ್ಟಾದ ಹೆಂಗಸರು ಮೂರು ದಿನ ಹುಳುಮನೆಯ ಹೊಸಿಲು ಮೆಟ್ಟುವಂತಿಲ್ಲ ಎಂಬುದೂ ಅದೇ ಸಾಲಿನಲ್ಲಿತ್ತು. ಕೇಳಿ ನನಗೆ ರೇಗಿತು. ಆದರೆ ನನ್ನ ತಾಯಿಯೂ ಕಾರವಾರದಲ್ಲಿ ಹಿತ್ತಿಲ ಕೋಣೆಯಲ್ಲಿ ಮೂರು ದಿನ ಕೂರುತ್ತಿದ್ದವಳೇ. ಆಗ ರೇಗಿದ್ದು ನೆನಪಿಲ್ಲ.

ನನಗೆ ಭಾನುವಾರಗಳು ಸರಿಯಾಗಿಯೇ ನಡೆಯುತ್ತಿದ್ದವು. ವಾಪಸು ಬಂದವನು ಹಿಂದಿನ ಬಾಗಿಲಿನಿಂದ ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನಾನು ಕುಡಿಯುವವನು ಎಂದು ಜಯಮ್ಮನಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಪಿಟ್ರಪ್ಪ ಬಲೇ ಒಳ್ಳೆಯವರು ಎಂದು ಆಕೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. ಫಿಟ್ಟರ್ ಎಂಬುದು ಆ ಮನೆಯಲ್ಲಿ ಪಿಟ್ರಪ್ಪ ಆಗಿತ್ತು. ದೂರದ ಊರಿನಲ್ಲಿ ಒಬ್ಬರು ಹಾಗೆ ಹೇಳುವುದು ಎಷ್ಟು ದೊಡ್ಡದು ಎಂದು ಒಂಟಿಯಾಗಿ ಇದ್ದವರಿಗೇ ಗೊತ್ತು. ಕಾಲಿನ ಊತವೂ ಇಳಿದಿತ್ತು. ಡಾಕ್ಟರು ಒತ್ತಿ ನೋಡಿ, ಪರವಾಗಿಲ್ಲ ಎಂದಿದ್ದರು.

ಒಂದು ಬುಧವಾರ ಎಲ್ಲ ಕೆಟ್ಟಿತು. ಅಂದು ಕಾರ್ಖಾನೆಯ ಒಳಚರಂಡಿ ಕಟ್ಟಿಕೊಂಡು, ಪಂಪು ಬಿಚ್ಚಲು ನಾನೇ ಮೊಣಕಾಲವರೆಗಿನ ಹುಳುನೀರಿಗೆ ಇಳಿಯಬೇಕಾಯಿತು. ಬೆಂದು ಕರಗಿದ ಹುಳುಗಳು ಪ್ಯಾಂಟಿನ ಒಳಗೆ, ಉಗುರಿನ ಸಂದಿಯಲ್ಲಿ. ಹೊರಗೆ ಬಂದವನಿಗೆ ಭಾನುವಾರದವರೆಗೆ ಕಾಯಲಾಗಲಿಲ್ಲ. ಬಾರಿನೊಳಗೆ ಕೂರಲು ಮನಸ್ಸಿಲ್ಲದೆ ಎರಡು ಬಾಟಲಿ ಬೀರನ್ನು ಪೇಪರಿನಲ್ಲಿ ಸುತ್ತಿ ಕೋಣೆಗೆ ತಂದೆ. ಬೆಚ್ಚಗಾಗಿದ್ದ ಬೀರನ್ನು ಮಂಚದ ಮೇಲೆ ಕೂತು ಕುಡಿದೆ. ಯಾವ ರುಚಿಯೂ ಇರಲಿಲ್ಲ. ಎರಡನೆಯ ಬಾಟಲಿಯಲ್ಲಿ ಅರ್ಧ ಮಂಚದ ಕೆಳಗೆ ಚೆಲ್ಲಿತು. ಗೋಡೆಯಾಚೆ ಜಯಮ್ಮ ಸಂಜೆಯ ಸೊಪ್ಪು ಹಾಕಿ ಆಗಷ್ಟೇ ಹೊರಗೆ ಹೋಗಿದ್ದರು. ವಾಸನೆ ಗೋಡೆ ಹಾರಿದರೆ ಮಾನ ಹೋಗುತ್ತದೆ ಎಂದು ಹೆದರಿ, ಊರಿನಿಂದ ತಂದಿದ್ದ ಸೊಳ್ಳೆ ಬತ್ತಿಯ ಪೆಟ್ಟಿಗೆ ತೆಗೆದು ಎರಡು ಸುರುಳಿ ಒಟ್ಟಿಗೆ ಹಚ್ಚಿದೆ. ನಮ್ಮ ಕಡೆ ಸಂಜೆಯಾದರೆ ದೇವರ ದೀಪದ ಜೊತೆಗೇ ಸೊಳ್ಳೆ ಬತ್ತಿಯನ್ನೂ ಹಚ್ಚುತ್ತೇವಲ್ಲ. ಹೊಗೆ ಮೇಲೇರಿ ಗೋಡೆ ದಾಟಿ ಹೋಗುವುದನ್ನು ನೋಡುತ್ತ, ಸದ್ಯ ಬಚಾವಾದೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಎಚ್ಚರವಾದಾಗ ಸೊಪ್ಪು ತಿನ್ನುವ ಸದ್ದು ಇರಲಿಲ್ಲ.

ಹುಳುಗಳು ಕೊನೆಯ ಜ್ವರದಿಂದ ಎದ್ದು ಐದಾರು ದಿನವಾಗಿತ್ತು. ಬೆರಳುದ್ದ ಬೆಳೆದಿದ್ದವು, ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಅಂಗಳದಲ್ಲಿ ಒಣಗಲು ಇಟ್ಟಿದ್ದರು. ನಾನು ಹುಳುಮನೆಯ ಬಾಗಿಲಲ್ಲಿ ನಿಂತು ನೋಡಿದೆ. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಬಾಯಿಂದ ಹಸಿರು ನೀರು ಕಾರಿಕೊಂಡು ಅದರಲ್ಲೇ ಹೊರಳುತ್ತಿದ್ದವು. ಆಗಲೇ ಸತ್ತವು ಕುಗ್ಗಿ ಮೋಟಾಗಿ ಬಿದ್ದಿದ್ದವು. ಜಯಮ್ಮ ಒಂದು ಹುಳುವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದರು.

ಆಮೇಲೆ ಆಕೆ ಎದ್ದು ಸೊಸೆಯನ್ನು ಕೇಳಿದ್ದು ಒಂದೇ ಮಾತು, ನೀನು ಹೊರಗಾಗಿದ್ದೀಯಾ ಎಂದು. ಸಾವಿತ್ರಿ ಹೌದೆಂದಳು. ಎರಡು ದಿನವಾಗಿತ್ತಂತೆ. ಹುಳು ಹಸಿದು ತಿನ್ನುವ ಹೊತ್ತು, ಅತ್ತೆಯೊಬ್ಬರ ಕೈ ಸಾಲುವುದಿಲ್ಲ ಎಂದು ಹೇಳದೆ ಒಳಗೆ ಹೋಗಿ ಸೊಪ್ಪು ಹಾಕಿದ್ದಳು. "ನನ್ನಿಂದ್ಲೇ ಆಗೋಯ್ತು ಕಣತ್ತೆ" ಎಂದು ಅವಳೇ ಗೋಡೆಗೆ ಒರಗಿ ಅಳತೊಡಗಿದಳು. ಯಾರೂ ಅವಳನ್ನು ಹೊಡೆಯಲಿಲ್ಲ, ಕೂಗಾಡಲಿಲ್ಲ. ಕೆಂಪಯ್ಯ ಸೈಕಲ್ ಹತ್ತಿ ರೇಷ್ಮೆ ಇಲಾಖೆಯವರನ್ನು ಕರೆತರಲು ಹೋದರು.

ಮೊಪೆಡ್ಡಿನಲ್ಲಿ ಬಂದ ಆ ಇಲಾಖೆಯ ಯುವಕ ಒಂದೆರಡು ಹುಳು ಮುಟ್ಟಿ ನೋಡಿ, ಇದು ರೋಗವಲ್ಲ, ವಿಷ ಎಂದ. ಸೊಪ್ಪಿಗೆ ಔಷಧಿ ಹೊಡೆದಿದ್ದಿರಾ ಎಂದು ಕೇಳಿದ. ಇಲ್ಲ ಎಂದರು. ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದ್ದಿರಾ, ಅದರ ಹೊಗೆ ತಾಗಿದರೆ ಹೀಗೇ ಸಾಯುತ್ತವೆ ಎಂದ. ನಮ್ಮ ಮನೆಗೆ ಅಂಥದ್ದು ತಂದೇ ಇಲ್ಲ ಎಂದರು ಜಯಮ್ಮ. ನಾನು ಅವರ ಹಿಂದೆಯೇ ನಿಂತಿದ್ದೆ. ಕೋಣೆಯಲ್ಲಿ ತಗಡಿನ ಮೇಲೆ ಎರಡು ಸುರುಳಿಯ ಬೂದಿ ಇತ್ತು. ನಾನು ಬಾಯಿ ಬಿಡಲಿಲ್ಲ. ಕೆಲಸಕ್ಕೆ ಹೊತ್ತಾಯಿತು ಎಂದು ಹೇಳಿ ಬೂದಿಯನ್ನು ಪೇಪರಿಗೆ ಸುರಿದುಕೊಂಡು, ಬಸ್ಸಿಗೆ ಹೋಗುವ ದಾರಿಯ ಬೇಲಿಯಲ್ಲಿ ಎಸೆದೆ.

ಬಾರಿನ ನೆಲ ಕಂಡು ಹೇಸಿದೆ ಎಂದೆನಲ್ಲ, ಬೆಂದ ಹುಳು ಕಂಡು ಹೇಸಿದೆ ಎಂದೆನಲ್ಲ. ಆ ದಿನವಿಡೀ ಕಾರ್ಖಾನೆಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದ ನನ್ನ ಕೈಯನ್ನು ಕಂಡು ಬಂದ ಹೇಸಿಗೆಯ ಮುಂದೆ ಅವೆಲ್ಲ ಏನೂ ಅಲ್ಲ. ಹೇಳಿದರೆ ಏನಾಗುತ್ತಿತ್ತು? ಕೋಣೆ ಹೋಗುತ್ತಿತ್ತು, ಒಳ್ಳೆಯವರು ಎಂಬ ಹೆಸರು ಹೋಗುತ್ತಿತ್ತು. ಅಷ್ಟಕ್ಕಾಗಿ ಒಂದು ಹೆಣ್ಣುಮಗಳು ತಾನು ಮಾಡದ ತಪ್ಪನ್ನು ಹೊತ್ತು ಗೋಡೆಗೆ ಒರಗಿ ಅಳುವುದನ್ನು ನೋಡಿ ಬಂದಿದ್ದೆ. ನಾಳೆ ತಣ್ಣಗಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಜಗುಲಿಯ ಮೇಲೆ ಕಬ್ಬಿಣದ ಟ್ರಂಕು ಕೂತಿತ್ತು. ಪಕ್ಕದಲ್ಲಿ ಸಾವಿತ್ರಿಯ ಅಪ್ಪ. ಗುಡೇಮಾರನಹಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದ ಅವರು ಟವೆಲ್ಲನ್ನು ತೊಡೆಯ ಮೇಲೆ ಮಡಚುತ್ತ ಬಿಚ್ಚುತ್ತ ತಲೆ ತಗ್ಗಿಸಿದ್ದರು. ಒಂದೆರಡು ಬೆಳೆ ಕಳೆಯುವವರೆಗೆ ಮಗಳು ತವರಿನಲ್ಲಿರಲಿ ಎಂದು ಜಯಮ್ಮ ಹೇಳಿಕಳಿಸಿದ್ದರಂತೆ. ಬೆಳೆ ಕೆಡಿಸಿದವಳು ಎಂಬ ಮಾತು ಆ ಹೊತ್ತಿಗೆ ಊರಿಗೆಲ್ಲ ಹಬ್ಬಿತ್ತು. ನಾನು ಊಟದ ಡಬ್ಬಿ ಹಿಡಿದು ಅವರನ್ನು ದಾಟಿ ಮೆಟ್ಟಿಲು ಇಳಿದೆ. ಕೆಳಗಿನ ಮೆಟ್ಟಿಲಲ್ಲಿ ಕಾಲು ನಿಂತಿತು.

"ಜಯಮ್ಮನೋರೇ, ಸೊಳ್ಳೆ ಬತ್ತಿ ಹಚ್ಚಿದ್ದು ನಾನು" ಎಂದೆ.

ಸಾವಿತ್ರಿಯ ಅಪ್ಪ ತಲೆ ಎತ್ತಿದರು. ಮತ್ತೊಮ್ಮೆ ಹೇಳಿದೆ. ಎರಡು ಹಚ್ಚಿದೆ, ಬುಧವಾರ ಸಂಜೆ, ಹೊಗೆ ನಿಮ್ಮ ಕಡೆಗೇ ಬಂತು ಎಂದೆ. ಜಯಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಬಂದರು.

"ಯಾಕ್ ಹಚ್ಚುದ್ರಿ? ಸೊಳ್ಳೆ ಇತ್ತಾ?"

"ಬೀರು ಕುಡಿದಿದ್ದೆ. ವಾಸನೆ ನಿಮಗೆ ಗೊತ್ತಾಗಬಾರದು ಅಂತ."

ಆಕೆ ನನ್ನ ಕೋಣೆಯ ಕಡೆ ಕೈ ತೋರಿಸಿದರು. "ನೀವು ಬಾನುವಾರ ಕುಡ್ದು ಬರದು ನಂಗೊತ್ತಿಲ್ವಾ? ಹಿಂದ್ಲಿಂದ ಬತ್ತಾರೆ, ಒಳೀಕೆ ಬರಲ್ಲ, ಮರ್ಯಾದಸ್ತರು ಅಂತ ಸುಮ್ಕಿದ್ದೆ. ವಾಸ್ನೆ ಬಂದಿದ್ರೆ ಬೈತಿದ್ದೆ, ಅಷ್ಟೇಯ. ಬೈಸ್ಕಳಕ್ಕೆ ಇಷ್ಟೊಂದು ನಾಚ್ಕೆನೇನಪ್ಪ ನಿಮ್ಗೆ?"

ಆಕೆ ಸೊಸೆಯ ಕಡೆ ತಿರುಗಿ, ಟ್ರಂಕು ಒಳಗಿಡು ಎಂದರು. ಆದರೂ ನೀನು ಆ ದಿನ ಒಳಗೆ ಹೋಗಬಾರದಾಗಿತ್ತು ಎಂದು ಒಂದು ಮಾತು ಸೇರಿಸಿದರು. ಸಾವಿತ್ರಿ ಟ್ರಂಕು ಮುಟ್ಟಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು. ಅಲ್ಲಿಯವರೆಗೆ ನನ್ನನ್ನು ಅಣ್ಣ ಎನ್ನುತ್ತಿದ್ದವಳು ಅಂದು ಹಾಗೆ ಕರೆಯದೆ ಮಾತಾಡಿದಳು.

"ನೆನ್ನೆ ಅವ್ರು ಬತ್ತಿ ಹಚ್ಚಿದ್ರಾ ಅಂತ ಕೇಳ್ದಾಗ ನೀವು ಇಲ್ಲೇ ನಿಂತಿದ್ರಿ."

ಆಮೇಲೆ ಅಪ್ಪನಿಗೆ, ನಡಿಯಪ್ಪ ಬಸ್ಸಿಗೆ ಹೊತ್ತಾಯ್ತು ಎಂದಳು. ಅತ್ತೆ ಎರಡು ಸಲ ಕರೆದರೂ ನಿಲ್ಲಲಿಲ್ಲ. ಕಳಿಸಿದಾಗ ಹೊರಟವಳು, ಇರು ಎಂದಾಗ ಇರಲಿಲ್ಲ. ಟ್ರಂಕನ್ನು ತಲೆಯ ಮೇಲೆ ಹೊತ್ತು ಅಪ್ಪ ಮುಂದೆ, ಅವಳು ಹಿಂದೆ ಹೋದರು. ಅದೇ ಬಸ್ ನಿಲ್ದಾಣಕ್ಕೆ ನಾನೂ ಹೋಗಬೇಕಿತ್ತು. ಅವರ ಬಸ್ಸು ಹೋಗುವವರೆಗೆ ಹಿಪ್ಪುನೇರಳೆ ತೋಟದ ಬದಿಯಲ್ಲಿ ನಿಂತುಕೊಂಡಿದ್ದೆ.

ಕೋಣೆ ಬಿಡಿ ಎಂದು ಯಾರೂ ಹೇಳಲಿಲ್ಲ, ನಾನೇ ಬಿಟ್ಟೆ. ಮತ್ತೆ ಪಟ್ಟಣದ ಬೀದಿಗೆ ಬಂದೆ. ಬೀರು ಪೂರ್ತಿ ಬಿಟ್ಟೆ ಎಂದು ಬರೆದರೆ ನೀವು ಮೆಚ್ಚುತ್ತೀರಿ, ಆದರೆ ಅದು ಸುಳ್ಳು. ತಿಂಗಳಿಗೆ ಎರಡು ಭಾನುವಾರ ಪಬ್ಬಿಗೆ ಹೋಗುತ್ತೇನೆ, ಒಂದೇ ಮಗ್ಗು, ಮೂಲೆಯ ಬೆಂಚು. ಈಗಲೂ ಇಷ್ಟವಾಗುತ್ತದೆ. ಬಾಟಲಿ ಕೋಣೆಗೆ ತರುವುದಿಲ್ಲ. ಕಾರವಾರಕ್ಕೆ ಹೋದಾಗ ಗೆಳೆಯರು ಒತ್ತಾಯ ಮಾಡುತ್ತಾರೆ, ಅವರ ಜೊತೆ ಕಡಲ ದಂಡೆಯಲ್ಲಿ ಕೂತು ಸೋಡಾ ಕುಡಿಯುತ್ತೇನೆ. ಘಟ್ಟದ ಮೇಲಿನವನಾಗಿಬಿಟ್ಟೆ ಎಂದು ನಗುತ್ತಾರೆ. ಯಾವಾಗ ವಾಪಸು ಬರುತ್ತೀ ಎಂದು ಹೆಂಡತಿ ಕೇಳುತ್ತಾಳೆ. ಬರುವ ವರ್ಷ ಎನ್ನುತ್ತೇನೆ. ಆ ಮಾತು ಹೇಳುವಾಗ ಜಯಮ್ಮನ ಮನೆಯ ಹುಳು ಈಗ ಎಷ್ಟನೇ ಜ್ವರದಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿರುತ್ತೇನೆ.

ಉಳಿದ ಭಾನುವಾರಗಳಲ್ಲಿ ಆ ಹಳ್ಳಿಗೆ ಹೋಗುತ್ತೇನೆ. ಕೊನೆಯ ಜ್ವರ ಕಳೆದ ಮೇಲಂತೂ ಅಲ್ಲಿ ಎಷ್ಟು ಕೈಯಿದ್ದರೂ ಸಾಲದು. ತೋಟದಿಂದ ಸೊಪ್ಪಿನ ಹೊರೆ ಹೊತ್ತು ತಂದು ಹುಳುಮನೆಯ ಬಾಗಿಲ ಹೊರಗೆ ಇಳಿಸುತ್ತೇನೆ. ಜಯಮ್ಮ ಮಜ್ಜಿಗೆ ಕೊಡುತ್ತಾರೆ, ಜಗುಲಿಯಲ್ಲಿ ಕೂತು ಕುಡಿಯುತ್ತೇನೆ. ಒಳಗೆ ಬನ್ನಿ ಎಂದು ಅವರು ಕರೆಯುವುದಿಲ್ಲ, ಹೋಗಿ ಎಂದೂ ಹೇಳುವುದಿಲ್ಲ. ಸಾವಿತ್ರಿ ಮೂರು ತಿಂಗಳ ಮೇಲೆ ಗಂಡ ಹೋಗಿ ಕರೆದದ್ದಕ್ಕೆ ವಾಪಸು ಬಂದಳು. ನಾನು ಹೊರೆ ಇಳಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದ ಮೇಲೆ ಅವಳು ಬಾಗಿಲಿಗೆ ಬರುತ್ತಾಳೆ. ಹೊರೆಯನ್ನು ಒಳಗೆ ಎಳೆದುಕೊಳ್ಳುವ ಮೊದಲು, ಪ್ರತಿ ಸಲವೂ, ಬಗ್ಗಿ ಸೊಪ್ಪನ್ನು ಮೂಸಿ ನೋಡುತ್ತಾಳೆ.